ಬಂದವರಿಗೆ ಉಚಿತ, ಬಾರದವರಿಗೆ ಶುಲ್ಕ: ಇಟಲಿಯ ಸಂಗೀತ ಹಸ್ತಪ್ರತಿಗಳ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಗ್ರಂಥಾಲಯಗಳ ಮಹಾನಿರ್ದೇಶಕರು,
ಸಂಸ್ಕೃತಿ ಸಚಿವಾಲಯ, ಇಟಲಿ ಸರ್ಕಾರ,
ರೋಮ್.

ವಿಷಯ: ಸಾರ್ವಜನಿಕ ಗ್ರಂಥಾಲಯಗಳಲ್ಲಿರುವ ಸ್ವರಲಿಪಿಯ ಹಸ್ತಪ್ರತಿಗಳನ್ನು ದೂರದವರಿಗೂ ಮುಕ್ತವಾಗಿ ಒದಗಿಸುವಂತೆ ಕೋರಿ.

ಮಾನ್ಯರೇ,

ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಹವ್ಯಾಸಿಗಳ ಸಣ್ಣ ತಂಡವೊಂದರಲ್ಲಿ ನಾನು ವಯೋಲಾ ನುಡಿಸುತ್ತೇನೆ. ತಂಡಕ್ಕೆ ಬೇಕಾದ ಸ್ವರಲಿಪಿಯನ್ನು ಹುಡುಕಿ, ತಪ್ಪು ತಿದ್ದಿ, ಪ್ರತಿ ವಾದ್ಯಕ್ಕೂ ಬೇರೆಬೇರೆಯಾಗಿ ಬರೆದು ಕೊಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ನಾವು ಎತ್ತಿಕೊಳ್ಳುವ ಕೃತಿಗಳಲ್ಲಿ ಹೆಚ್ಚಿನವು ಹದಿನೇಳು ಮತ್ತು ಹದಿನೆಂಟನೆಯ ಶತಮಾನದ ಇಟಲಿಯವು. ಹಾಗಾಗಿ ತಮ್ಮ ದೇಶದ ಗ್ರಂಥಾಲಯಗಳೊಡನೆ ನನ್ನ ವ್ಯವಹಾರ ಹಲವು ವರ್ಷಗಳದು. ಈ ಪತ್ರದ ಇಟಾಲಿಯನ್ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಇದನ್ನು ಕನ್ನಡದಲ್ಲಿ ಬಹಿರಂಗವಾಗಿಯೂ ಬರೆಯುತ್ತಿರುವುದಕ್ಕೆ ಕಾರಣವಿಷ್ಟೇ: ಈ ಊರಿನಲ್ಲಿ ಪಿಟೀಲು, ಚೆಲ್ಲೊ, ಗಾಯನ ಕಲಿಯುತ್ತಿರುವ ಮಕ್ಕಳಲ್ಲಿ ಕೆಲವರಾದರೂ ಒಂದು ದಿನ ಮೂಲ ಹಸ್ತಪ್ರತಿಯನ್ನು ನೋಡಬೇಕೆಂದು ಬಯಸುತ್ತಾರೆ, ಆಗ ಅವರಿಗೆ ಎದುರಾಗುವುದೇನು ಎಂಬುದು ಅವರಿಗೂ ಅವರ ಮೇಷ್ಟರುಗಳಿಗೂ ತಿಳಿದಿರಲಿ ಎಂದು.

ಈ ಹಾಳೆಗಳು ಸಾರ್ವಜನಿಕರ ಸ್ವತ್ತಾದದ್ದು ಹೇಗೆಂಬುದು ತಮಗೆ ತಿಳಿಯದ ವಿಚಾರವೇನಲ್ಲ. ಆದರೂ ಟ್ಯೂರಿನ್‌ನ ರಾಷ್ಟ್ರೀಯ ವಿಶ್ವವಿದ್ಯಾಲಯ ಗ್ರಂಥಾಲಯದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನ ಕೋರಿಕೆಗೆ ಅದೇ ಆಧಾರ. 1926ರಲ್ಲಿ ಬೊರ್ಗೊ ಸಾನ್ ಮಾರ್ತಿನೊ ಎಂಬ ಊರಿನ ಸಲೇಷಿಯನ್ ಪಾದ್ರಿಗಳ ವಿದ್ಯಾಶಾಲೆಯೊಂದು ಕಟ್ಟಡದ ದುರಸ್ತಿಗೆ ಹಣ ಸಾಲದೆ, ತನ್ನಲ್ಲಿದ್ದ ಹಳೆಯ ಸಂಗೀತ ಪುಸ್ತಕಗಳನ್ನು ಮಾರಲು ಹೊರಟಿತು. ಬೆಲೆ ಎಷ್ಟಾದೀತು ಎಂಬ ವಿಚಾರಣೆ ಬಂದಾಗ, ಟ್ಯೂರಿನ್ ಗ್ರಂಥಾಲಯದ ನಿರ್ದೇಶಕರಾಗಿದ್ದ ಲುಯಿಜಿ ತೊರ್ರಿಯವರು ಆ ಪುಸ್ತಕಗಳನ್ನು ವಿಶ್ವವಿದ್ಯಾಲಯದಲ್ಲಿ ಸಂಗೀತದ ಇತಿಹಾಸ ಕಲಿಸುತ್ತಿದ್ದ ಆಲ್ಬೆರ್ತೊ ಜೆಂತೀಲಿಯವರಿಗೆ ತೋರಿಸಿದರು. ಅವುಗಳಲ್ಲಿ ಆಂತೋನಿಯೊ ವಿವಾಲ್ಡಿಯ 14 ಸಂಪುಟಗಳಿದ್ದವು. 1741ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಆ ಸಂಗೀತಗಾರನ ಕೃತಿಗಳಲ್ಲಿ ಅಷ್ಟೊಂದು ಭಾಗ ಉಳಿದಿರಬಹುದೆಂದು ಆವರೆಗೆ ಯಾರೂ ಎಣಿಸಿರಲಿಲ್ಲ. ಕೊಳ್ಳಲು ಗ್ರಂಥಾಲಯದ ಬಳಿ ಹಣವಿರಲಿಲ್ಲ. ಹಳೆಯ ಪುಸ್ತಕಗಳ ವ್ಯಾಪಾರಿಗಳ ಕೈಸೇರಿದರೆ ಸಂಪುಟಗಳು ಚೆದುರಿಹೋಗುವ ಭಯವಿತ್ತು. ಕೊನೆಗೆ ರೊಬೆರ್ತೊ ಫೋವಾ ಎಂಬ ಷೇರು ದಲ್ಲಾಳಿ, ಹಸುಗೂಸಾಗಿದ್ದಾಗಲೇ ತೀರಿಕೊಂಡ ತನ್ನ ಮಗ ಮೌರೊನ ನೆನಪಿಗಾಗಿ ಇಡೀ ಸಂಗ್ರಹವನ್ನು ಕೊಂಡು 1927ರಲ್ಲಿ ಗ್ರಂಥಾಲಯಕ್ಕೆ ದಾನ ಮಾಡಿದರು.

ಜೆಂತೀಲಿ ಅಲ್ಲಿಗೆ ನಿಲ್ಲಲಿಲ್ಲ. ಸಂಪುಟಗಳ ಸಂಖ್ಯೆ ನಡುನಡುವೆ ತಪ್ಪಿರುವುದನ್ನು ಗಮನಿಸಿ, ಇದು ದೊಡ್ಡ ಸಂಗ್ರಹವೊಂದರ ಅರ್ಧ ಭಾಗವಿರಬೇಕೆಂದು ಊಹಿಸಿದರು. ಹದಿನೆಂಟನೆಯ ಶತಮಾನದಲ್ಲಿ ವೆನಿಸ್‌ನಲ್ಲಿ ವಿಯೆನ್ನಾದ ರಾಯಭಾರಿಯಾಗಿದ್ದ ಜಾಕೊಮೊ ದುರಾತ್ಸೊನ ವಂಶಸ್ಥರ ಬಳಿ, ಜಿನೋವಾದಲ್ಲಿ, ಉಳಿದರ್ಧ ಪತ್ತೆಯಾಯಿತು. 1930ರಲ್ಲಿ ಅದನ್ನು ಕೊಂಡುಕೊಟ್ಟವರು ಬಟ್ಟೆ ಗಿರಣಿಯ ಉದ್ಯಮಿ ಫಿಲಿಪ್ಪೊ ಜೋರ್ದಾನೊ. ಅವರೂ ರೆಂತ್ಸೊ ಎಂಬ ಚಿಕ್ಕ ಮಗನನ್ನು ಕಳೆದುಕೊಂಡವರು. ಹೀಗೆ 27 ಸಂಪುಟಗಳು, ಸುಮಾರು 450 ಕೃತಿಗಳು, ಇಬ್ಬರು ಮಕ್ಕಳ ಹೆಸರಿನಲ್ಲಿ ಒಂದೇ ಸೂರಿನಡಿ ಬಂದವು. ಇಂದಿಗೂ ಪ್ರಪಂಚದ ಯಾವ ಮೂಲೆಯ ವಾದಕನೇ ಆಗಲಿ ವಿವಾಲ್ಡಿಯ ಹಸ್ತಪ್ರತಿಯೊಂದನ್ನು ಉಲ್ಲೇಖಿಸುವಾಗ 'ಫೋವಾ' ಇಲ್ಲವೆ 'ಜೋರ್ದಾನೊ' ಎಂದು ಬರೆದು ಮುಂದೆ ಸಂಪುಟದ ಸಂಖ್ಯೆ ಹಾಕುತ್ತಾನೆ. ಇಷ್ಟೆಲ್ಲ ಮಾಡಿದ ಜೆಂತೀಲಿಯವರು ಯಹೂದಿ ಎಂಬ ಕಾರಣಕ್ಕೆ 1938ರ ಜನಾಂಗೀಯ ಕಾನೂನುಗಳಡಿ ಹುದ್ದೆ ಕಳೆದುಕೊಂಡರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಸಿಯೆನಾದಲ್ಲಿ ಸಂಗೀತ ರಚನಕಾರ ಆಲ್ಫ್ರೇದೊ ಕಾಸೆಲ್ಲಾ ಅವರ ಮುಂದಾಳತ್ವದಲ್ಲಿ ವಿವಾಲ್ಡಿ ಸಪ್ತಾಹ ನಡೆದು, ಈಗ ಎಲ್ಲೆಡೆ ಹಾಡುವ ವಿವಾಲ್ಡಿಯ ಭಕ್ತಿಗಾಯನ ಕೃತಿ 'ಗ್ಲೋರಿಯಾ' ಅಲ್ಲಿ ಕೇಳಿಬಂದಾಗ, ಅದನ್ನು ಹುಡುಕಿಕೊಟ್ಟ ವ್ಯಕ್ತಿಗೆ ಆ ಉತ್ಸವದಲ್ಲಿ ಸ್ಥಾನವಿರಲಿಲ್ಲ.

ದಾನಿಗಳು ಈ ಸಂಪುಟಗಳನ್ನು ಕೊಟ್ಟದ್ದು ಗ್ರಂಥಾಲಯಕ್ಕೆ ಆದಾಯದ ಮೂಲವಾಗಲಿ ಎಂದಲ್ಲ, ಸಂಗೀತ ಹತ್ತು ಜನಕ್ಕೆ ತಲುಪಲಿ ಎಂದು. ಅದಕ್ಕೂ ಹಿಂದೆ, 1795ರಲ್ಲಿ, ನೇಪಲ್ಸ್‌ನ ರಂಗಮಂದಿರಗಳಲ್ಲಿ ಆಡಿದ ಪ್ರತಿ ಒಪೆರಾದ ಒಂದು ಪ್ರತಿಯನ್ನು ಅಲ್ಲಿಯ ಸಂಗೀತ ವಿದ್ಯಾಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ರಾಜಾಜ್ಞೆಯಾದಾಗಲೂ ಉದ್ದೇಶ ಅದೇ ಆಗಿತ್ತು: ಕಲಿಯುವವರಿಗೆ ಸಿಗಲಿ ಎಂಬುದು. ಪೆರ್ಗೊಲೇಸಿ, ಲೆಯೊನಾರ್ದೊ ಲೇಯೊ, ಪೈಸಿಯೆಲ್ಲೊ, ಚಿಮರೋಸಾ ಮುಂತಾದ ಸಂಗೀತ ರಚನಕಾರರ ಹಾಳೆಗಳು ಇಂದು ನೇಪಲ್ಸ್‌ನ ಸಾನ್ ಪಿಯೆತ್ರೊ ಆ ಮಾಯೆಲ್ಲಾ ಸಂಗೀತ ಮಹಾವಿದ್ಯಾಲಯದಲ್ಲಿ ಒಟ್ಟಾಗಿರುವುದರ ಹಿಂದೆ ಆ ಆಜ್ಞೆಯ ಪಾಲೂ ಇದೆ.

ಅಚ್ಚಾದ ಪುಸ್ತಕಗಳು ಇರುವಾಗ ಹಸ್ತಪ್ರತಿಯೇ ಏಕೆ ಬೇಕು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. 1947ರಲ್ಲಿ ಆರಂಭವಾಗಿ 1972ರ ಹೊತ್ತಿಗೆ 530 ಸಂಪುಟಗಳಲ್ಲಿ ಮುಗಿದ ವಿವಾಲ್ಡಿಯ ವಾದ್ಯಸಂಗೀತದ ಮುದ್ರಣ ಮಹಾಕಾರ್ಯವೇ ಸರಿ. ನಾವೆಲ್ಲ ಅದರ ಋಣದಲ್ಲಿದ್ದೇವೆ. ಆದರೆ ಸಂಪಾದಕ ತೀರ್ಮಾನಿಸಿದ್ದನ್ನು ಮಾತ್ರ ಅಚ್ಚಿನ ಪುಟ ತೋರಿಸುತ್ತದೆ. ಎಲ್ಲಿ ಆತನಿಗೇ ಸಂಶಯವಿತ್ತು ಎಂಬುದನ್ನು ಹಲವು ಸಲ ಮುಚ್ಚಿಡುತ್ತದೆ. ಹಸ್ತಪ್ರತಿಯಲ್ಲಾದರೆ ಹೊಡೆದುಹಾಕಿದ ಸಾಲು ಕಾಣುತ್ತದೆ, ಅವಸರದಲ್ಲಿ ಅರ್ಧಕ್ಕೆ ಬಿಟ್ಟ ಸಂಕ್ಷೇಪ ಕಾಣುತ್ತದೆ, ಪಿಟೀಲಿನ ಬಿಲ್ಲನ್ನು ಎಳೆಯುವ ಗುರುತು ಯಾವ ಸ್ವರದ ಮೇಲೆ ಶುರುವಾಗಿ ಯಾವುದರ ಮೇಲೆ ಮುಗಿಯಿತು ಎಂಬುದು ಕಾಣುತ್ತದೆ. 1719ರಲ್ಲಿ ಮಾಂತುವಾ ನಗರಕ್ಕೆಂದು ರಚಿಸಿದ 'ತೀತೊ ಮಾನ್ಲಿಯೊ' ಒಪೆರಾದ ಪ್ರತಿಯ ಮೇಲೆ 'ಐದು ದಿನಗಳಲ್ಲಿ ಮಾಡಿದ ವಿವಾಲ್ಡಿಯ ಸಂಗೀತ' ಎಂಬ ಟಿಪ್ಪಣಿ ಇದೆ. ಅಂಥ ವೇಗದಲ್ಲಿ ಓಡಿದ ಲೇಖನಿಯ ಜಾಡನ್ನು ಕಣ್ಣಾರೆ ಕಂಡವರು ಆ ಸಂಗೀತವನ್ನು ನುಡಿಸುವ ರೀತಿಯೇ ಬೇರೆಯಾಗುತ್ತದೆ ಎಂದು ನಾನು ನಂಬಿದ್ದೇನೆ. ಇದು ವಿದ್ವಾಂಸರ ಚಪಲವಲ್ಲ, ದಿನವೂ ಅಭ್ಯಾಸಕ್ಕೆ ಕೂರುವವರ ಅಗತ್ಯ.

ಈಗ ನನ್ನ ದೂರಿಗೆ ಬರುತ್ತೇನೆ. ಹದಿನೆಂಟನೆಯ ಶತಮಾನದ ಒಂದು ಲ್ಯಾಟಿನ್ ಕೀರ್ತನೆಯ ಹಸ್ತಪ್ರತಿಯಿಂದ ಕೆಲವೇ ಹಾಳೆಗಳು ಬೇಕೆಂದು ತಮ್ಮ ದೇಶದ ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಬರೆದಿದ್ದೆ. ಅದರ ಹೆಸರು ಹೇಳುವುದಿಲ್ಲ. ಅಲ್ಲಿಯ ಸಿಬ್ಬಂದಿ ಸೌಜನ್ಯದಿಂದಲೇ ಉತ್ತರಿಸಿದರು, ಅವರು ತಮ್ಮ ನಿಯಮ ಪಾಲಿಸಿದರು ಅಷ್ಟೆ. ಅರ್ಜಿಯ ನಮೂನೆಯಲ್ಲಿ ಇಟಲಿಯ ತೆರಿಗೆ ಗುರುತಿನ ಸಂಖ್ಯೆಯನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಅದಾದ ಮೇಲೆ 16 ಯೂರೋದ ರೆವಿನ್ಯೂ ಸ್ಟಾಂಪ್ ಹಚ್ಚಬೇಕೆಂದರು. ತಮ್ಮಲ್ಲಿ ಅದು ಬೀಡಿ ಸಿಗರೇಟಿನ ಅಂಗಡಿಯಲ್ಲಿ ಸಿಗುತ್ತದಂತೆ. ನಮ್ಮ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. (ಕಚೇರಿ, ಅರ್ಜಿ, ಮುದ್ರಾಂಕ ಇವೆಲ್ಲ ನಮಗೆ ಹೊಸತಲ್ಲ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ರೋಮ್ ಕೂಡ ಪರಿಚಿತ ಊರಿನಂತೆಯೇ ಕಂಡೀತು.) ಮಿಲಾನ್‌ನಲ್ಲಿರುವ ಸ್ನೇಹಿತರೊಬ್ಬರು ಹಣ ಕಟ್ಟಿ, ಸ್ಟಾಂಪ್ ಹಚ್ಚಿ ಕಳುಹಿಸಿದ ಮೇಲೆ, ತಿಂಗಳುಗಳ ನಂತರ ಫೈಲು ಬಂತು.

ಬಂದದ್ದು ಹಳೆಯ ಕಪ್ಪುಬಿಳುಪು ಮೈಕ್ರೋಫಿಲ್ಮಿನಿಂದ ತೆಗೆದ ಪ್ರತಿ. ಆ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದು ಕಾಗದದೊಳಗೆ ಇಳಿದು ಹಾಳೆಯ ಹಿಂಬದಿಗೂ ಮೂಡುತ್ತದೆ ಎಂಬುದು ತಮಗೆ ಗೊತ್ತೇ ಇದೆ. ಬಣ್ಣದ ಚಿತ್ರದಲ್ಲಾದರೆ ಮುಂಬದಿಯ ಬರಹ ಗಾಢವಾಗಿ, ಹಿಂಬದಿಯಿಂದ ಮೂಡಿದ್ದು ತಿಳಿಗಂದಾಗಿ ಕಂಡು, ಎರಡನ್ನೂ ಬೇರ್ಪಡಿಸಿ ಓದಬಹುದು. ಕಪ್ಪುಬಿಳುಪಿನಲ್ಲಿ ಎರಡೂ ಒಂದೇ. ವಯೋಲಾದ ಸಾಲಿನಲ್ಲಿ ಒಂದು ಸ್ವರದ ಹಿಂದೆ ಇರುವುದು ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್ ಚಿಹ್ನೆಯೋ, ಹಿಂಬದಿಯ ಸ್ವರವೊಂದರ ಬಾಲವೋ ಎಂದು ನಮ್ಮ ತಂಡದಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಹೊಲಿಗೆಯ ಅಂಚಿನಲ್ಲಿ ಪುಸ್ತಕವನ್ನು ಸಾಕಷ್ಟು ಬಿಡಿಸದೆ ಚಿತ್ರ ತೆಗೆದುದರಿಂದ ಪ್ರತಿ ಎಡಪುಟದ ಕೊನೆಯ ಸ್ವರ ಮಡಿಕೆಯೊಳಗೆ ಸಿಕ್ಕಿಕೊಂಡಿದೆ. ಇವೆಲ್ಲದರ ಮೇಲೆ, ಪುಟದ ನಟ್ಟನಡುವೆ, ಬಾಸ್ ಸಾಲಿನ ಅಂಕಿಗಳ ಮೇಲೆಯೇ, ಸಂಸ್ಥೆಯ ಮೊಹರು. ಕೀಬೋರ್ಡ್ ನುಡಿಸುವವರು ಯಾವ ಸ್ವರಮೇಳ ಹಿಡಿಯಬೇಕೆಂದು ತಿಳಿಯುವುದೇ ಆ ಅಂಕಿಗಳಿಂದ. ಮೊಹರಿನ ಉದ್ದೇಶ ಕಳ್ಳತನ ತಡೆಯುವುದಿರಬಹುದು; ಅದು ತಡೆದದ್ದು ಮಾತ್ರ ಓದನ್ನು.

ಆ ಉತ್ತರದ ಕೊನೆಯಲ್ಲಿ ಒಂದು ವಾಕ್ಯವಿತ್ತು: ಖುದ್ದಾಗಿ ಬಂದರೆ ತಮ್ಮ ಮೊಬೈಲಿನಲ್ಲಿ ಉಚಿತವಾಗಿ ಫೋಟೋ ತೆಗೆದುಕೊಳ್ಳಬಹುದು. ಈ ಪತ್ರ ಬರೆಯುವಂತೆ ಮಾಡಿದ್ದು ಆ ವಾಕ್ಯ.

ಅದು ತಪ್ಪು ಮಾಹಿತಿಯೇನೂ ಅಲ್ಲ. 2004ರ ತಮ್ಮ ಸಾಂಸ್ಕೃತಿಕ ಆಸ್ತಿ ಸಂಹಿತೆಯ 108ನೆಯ ವಿಧಿಗೆ 2014ರಲ್ಲಿ ತಿದ್ದುಪಡಿ ತಂದು, ಲಾಭದ ಉದ್ದೇಶವಿಲ್ಲದೆ ಅಧ್ಯಯನಕ್ಕಾಗಿ ಚಿತ್ರ ತೆಗೆಯುವವರಿಗೆ ಶುಲ್ಕವನ್ನೂ ಪೂರ್ವಾನುಮತಿಯನ್ನೂ ಕೈಬಿಡಲಾಯಿತು. ಸಂಸತ್ತಿನಲ್ಲಿ ಅಂಗೀಕಾರವಾಗುವ ಹೊತ್ತಿಗೆ ಗ್ರಂಥಾಲಯ ಮತ್ತು ಪತ್ರಾಗಾರಗಳನ್ನು ಆ ಸೌಲಭ್ಯದಿಂದ ಹೊರಗಿಡಲಾಗಿತ್ತು. ತಮ್ಮ ದೇಶದ ಸಂಶೋಧಕರೇ ಚಳವಳಿ ಹೂಡಿ, ಸಹಿ ಸಂಗ್ರಹಿಸಿ, 2017ರ 124ನೆಯ ಕಾಯ್ದೆಯ ಮೂಲಕ ಅವನ್ನೂ ಒಳಗೆ ತಂದರು. ಹಸ್ತಪ್ರತಿಯನ್ನು ಕ್ಯಾಮೆರಾ ಮುಟ್ಟಬಾರದು, ಫ್ಲ್ಯಾಶ್ ಹಾಕಬಾರದು, ಸ್ಟ್ಯಾಂಡ್ ನಿಲ್ಲಿಸಬಾರದು ಎಂಬ ಷರತ್ತುಗಳು ನ್ಯಾಯವಾದವೇ. ಇದು ಒಳ್ಳೆಯ ಕಾಯ್ದೆ, ಅದಕ್ಕಾಗಿ ದುಡಿದವರಿಗೆ ನಾನು ಕೃತಜ್ಞ. ಆದರೆ ಅದರ ಫಲ ಸಿಗುವುದು ಓದುಕೋಣೆಯ ಮೇಜಿನವರೆಗೆ ಬರಬಲ್ಲವರಿಗೆ ಮಾತ್ರ. ಬೊಲೊನ್ಯಾದ ವಿದ್ಯಾರ್ಥಿ ರೈಲು ಹತ್ತಿ ಬಂದು ಬಿಟ್ಟಿಯಾಗಿ ಚಿತ್ರ ತೆಗೆದುಕೊಳ್ಳುತ್ತಾಳೆ. ಬೆಂಗಳೂರಿನ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿ, ಬ್ಯಾಂಕಿನ ಲೆಕ್ಕಪತ್ರ ತೋರಿಸಿ, ವಿಮಾನದ ಟಿಕೆಟ್ ಕೊಂಡು ಬರಬೇಕು, ಇಲ್ಲವೆ ಆಗಲೇ ಸರ್ವರಿನಲ್ಲಿ ಕೂತಿರುವ ಫೈಲಿಗೆ ಹಣ ಕಟ್ಟಬೇಕು. ಹಾಳೆ ಒಂದೇ, ಉದ್ದೇಶ ಒಂದೇ, ಲಾಭವಿಲ್ಲದಿರುವುದೂ ಒಂದೇ. ಇಬ್ಬರ ನಡುವೆ ಕಾನೂನು ಕಾಣುವ ವ್ಯತ್ಯಾಸ ದೂರವೊಂದೇ ಆಗಿರುವುದರಿಂದ, ಶುಲ್ಕ ಬೀಳುತ್ತಿರುವುದು ದೂರದ ಮೇಲೆ ಎಂದೇ ನಾನು ಹೇಳಬೇಕಾಗಿದೆ.

ಹೊಸದಾಗಿ ಸ್ಕ್ಯಾನ್ ಮಾಡಲು ತಗಲುವ ಖರ್ಚನ್ನು ಕೇಳುವುದಕ್ಕೆ ನನ್ನ ಆಕ್ಷೇಪವಿಲ್ಲ. ನುರಿತವರೊಬ್ಬರು ಸಂಪುಟವನ್ನು ತಂದು, ಒರಗುದಿಂಬಿನ ಮೇಲಿಟ್ಟು, ಒಂದೊಂದೇ ಹಾಳೆ ತಿರುವಿ ಚಿತ್ರ ತೆಗೆಯುವುದು ದುಡಿಮೆ. ಅದಕ್ಕೆ ಕೂಲಿ ಸಲ್ಲಬೇಕು. ಆಕ್ಷೇಪವಿರುವುದು, ಒಮ್ಮೆ ತೆಗೆದ ಚಿತ್ರವನ್ನು ಕೇಳಿದವರಿಗೆಲ್ಲ ಮತ್ತೆ ಮತ್ತೆ ಮಾರುವುದಕ್ಕೆ. 2023ರ ಏಪ್ರಿಲ್‌ನಲ್ಲಿ ಹೊರಬಿದ್ದ 161ನೆಯ ಸಚಿವಾಲಯ ಆದೇಶ ಇಂಥ ಬಳಕೆಗೆಲ್ಲ ಕನಿಷ್ಠ ದರಪಟ್ಟಿಯನ್ನು ಗೊತ್ತುಮಾಡಿತು. ವಿದ್ವತ್ ಸಂಘಗಳಿಂದ ಬಂದ ವಿರೋಧದ ನಂತರ 2024ರ ಮಾರ್ಚ್‌ನ 108ನೆಯ ಆದೇಶ ಶೈಕ್ಷಣಿಕ ಪ್ರಕಟಣೆಗಳಿಗೆ ವಿನಾಯಿತಿಯನ್ನು ಹಿಗ್ಗಿಸಿತು. ತಪ್ಪು ಕಂಡಾಗ ತಿದ್ದಿಕೊಂಡ ತಮ್ಮ ಸಚಿವಾಲಯದ ನಡೆ ಮೆಚ್ಚತಕ್ಕದ್ದು. ಆದರೆ ಪ್ರಬಂಧ ಬರೆಯುವವರಿಗೆ ಸಿಕ್ಕ ರಿಯಾಯಿತಿ ನುಡಿಸುವವರಿಗೆ ಸ್ಪಷ್ಟವಾಗಿ ಸಿಕ್ಕಿಲ್ಲ. ಸಭಾಂಗಣದ ಬಾಡಿಗೆ ಹುಟ್ಟಿಸಲು ನೂರು ರೂಪಾಯಿಯ ಟಿಕೆಟ್ ಇಟ್ಟು, ಕಾರ್ಯಕ್ರಮದ ಕರಪತ್ರದಲ್ಲಿ ಹಸ್ತಪ್ರತಿಯ ಒಂದು ಪುಟ ಅಚ್ಚುಹಾಕಿದರೆ ಅದು ವ್ಯಾಪಾರವೋ ಅಲ್ಲವೋ ಎಂದು ಕೇಳಿದ್ದಕ್ಕೆ ನನಗೆ ಖಚಿತ ಉತ್ತರ ಸಿಗಲಿಲ್ಲ.

ಇನ್ನು ಆದಾಯದ ಮಾತು. ತಮ್ಮ ದೇಶದ ಲೆಕ್ಕಪರಿಶೋಧನಾ ನ್ಯಾಯಾಲಯವೇ 2022ರ ವರದಿಯಲ್ಲಿ, ಬಿಡಿ ಚಿತ್ರಗಳನ್ನು ಮಾರಿ ಹಣ ಗಳಿಸುವ ಕ್ರಮ ಕಾಲಕ್ಕೆ ಒಗ್ಗದ್ದು ಎಂಬ ಅಭಿಪ್ರಾಯ ದಾಖಲಿಸಿದೆ. ಅದಕ್ಕಿಂತ ಹೆಚ್ಚಿನದನ್ನು ಹೊರಗಿನವನಾದ ನಾನು ಹೇಳಬೇಕಿಲ್ಲ.

ಬೇರೆ ದಾರಿಯಿದೆ ಎಂಬುದಕ್ಕೆ ಉದಾಹರಣೆಗಳು ಹತ್ತಿರದಲ್ಲೇ ಇವೆ. ಜರ್ಮನಿಯ ಡ್ರೆಸ್ಡೆನ್ ಆಸ್ಥಾನದ ಪಿಟೀಲುವಾದಕ ಪೀಸೆಂಡೆಲ್ 1716ರಲ್ಲಿ ವೆನಿಸ್‌ಗೆ ಬಂದು ವಿವಾಲ್ಡಿಯ ಬಳಿ ಕಲಿತು, ಹಿಂತಿರುಗುವಾಗ ಕೃತಿಗಳ ಪ್ರತಿಗಳನ್ನು ಕೊಂಡೊಯ್ದನು. ಆತನ ಕಾಲದ ಆಸ್ಥಾನ ಸಂಗೀತವನ್ನು ಆಮೇಲೆ ಒಂದು ಕಪಾಟಿನಲ್ಲಿ ತುಂಬಿಟ್ಟಿದ್ದರು. ಆ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಸ್ಯಾಕ್ಸನಿಯ ರಾಜ್ಯ ಗ್ರಂಥಾಲಯ ಬಣ್ಣದಲ್ಲಿ ಚಿತ್ರೀಕರಿಸಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ರಾತ್ರಿ ಹನ್ನೊಂದಕ್ಕೆ ಜಯನಗರದ ಮನೆಯಲ್ಲಿ ಕೂತು ನಾನು ಆ ಹಾಳೆಗಳಲ್ಲಿ ಶಾಯಿಯ ಎರಡು ಬಣ್ಣಗಳನ್ನು ಗುರುತಿಸಬಲ್ಲೆ. ವೆನಿಸ್‌ನವನ ಸಂಗೀತವನ್ನು ಓದಲು ಜರ್ಮನಿಯ ಬಾಗಿಲು ಸಲೀಸಾಗಿ ತೆರೆಯುತ್ತದೆ ಎಂಬುದು ಇಟಲಿಯ ಸಂಗೀತವನ್ನು ಪ್ರೀತಿಸುವವನಿಗೆ ಸ್ವಲ್ಪ ಮುಜುಗರದ ಸಂಗತಿ. ತಮ್ಮ ದೇಶದಲ್ಲೇ ಬೊಲೊನ್ಯಾ ನಗರಸಭೆಯ ಸಂಗೀತ ಗ್ರಂಥಾಲಯ ಇದೆ. ಹದಿನೆಂಟನೆಯ ಶತಮಾನದ ಸಂಗೀತ ವಿದ್ವಾಂಸ ಪಾದ್ರೆ ಮಾರ್ತೀನಿ ಜೀವಮಾನವಿಡೀ ಕೂಡಿಟ್ಟ ಸಂಗ್ರಹವೇ ಅದರ ಬುನಾದಿ. 1501ರಲ್ಲಿ ಪೆತ್ರುಚ್ಚಿ ವೆನಿಸ್‌ನಲ್ಲಿ ಅಚ್ಚುಮಾಡಿದ ಬಹುಧ್ವನಿ ಸಂಗೀತದ ಮೊದಲ ಪುಸ್ತಕದ ಮೊದಲ ಮುದ್ರಣದಲ್ಲಿ ಉಳಿದಿರುವ ಏಕೈಕ ಪ್ರತಿ ಅಲ್ಲಿದೆ. ಆ ಗ್ರಂಥಾಲಯ ತನ್ನ ಹತ್ತೊಂಬತ್ತನೆಯ ಶತಮಾನದ ಸೂಚಿಯನ್ನೇ ಆಧಾರವಾಗಿಟ್ಟುಕೊಂಡು, ಸೂಚಿಯ ನಮೂದಿನಿಂದ ನೇರವಾಗಿ ಪುಟದ ಚಿತ್ರಕ್ಕೆ ಹೋಗುವ ವ್ಯವಸ್ಥೆಯನ್ನು ವರ್ಷಗಳ ಹಿಂದೆಯೇ ಮಾಡಿದೆ. ತಮ್ಮ ಸಚಿವಾಲಯದ 'ಇಂಟರ್ನೆಟ್ ಕುಲ್ತುರಾಲೆ' ತಾಣದಲ್ಲಿ ನೇಪಲ್ಸ್‌ನ ಹಸ್ತಪ್ರತಿಗಳನ್ನು ನೋಡಿ ಪ್ರಯೋಜನ ಪಡೆದವರಲ್ಲಿ ನಾನೂ ಒಬ್ಬ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದನ್ನು ತಾವೇ ತೋರಿಸಿಕೊಟ್ಟಿದ್ದೀರಿ.

ತೊಡಕಿನ ಬೇರು ಒಡೆತನ ಹಂಚಿಹೋಗಿರುವುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಟ್ಯೂರಿನ್‌ನ ಗ್ರಂಥಾಲಯ ತಮ್ಮ ಸಚಿವಾಲಯದ್ದು. ನೇಪಲ್ಸ್‌ನ ಸಂಗೀತ ಮಹಾವಿದ್ಯಾಲಯ ವಿಶ್ವವಿದ್ಯಾಲಯಗಳ ಸಚಿವಾಲಯದ್ದು. ಬೊಲೊನ್ಯಾದ್ದು ನಗರಸಭೆಯದು. 1808ರಲ್ಲಿ ಜೊವಾನ್ನಿ ರಿಕೋರ್ದಿ ಮಿಲಾನ್‌ನಲ್ಲಿ ಶುರುಮಾಡಿದ ಪ್ರಕಾಶನದ ಪತ್ರಾಗಾರ, ವೆರ್ದಿಯ 28 ಒಪೆರಾಗಳಲ್ಲಿ 23ರ ಮೂಲಪ್ರತಿ ಇರುವಂಥದ್ದು, ಬ್ರೆರಾ ಅರಮನೆಯ ಸರ್ಕಾರಿ ಗ್ರಂಥಾಲಯದ ಆವರಣದಲ್ಲೇ ಇದ್ದರೂ ಜರ್ಮನಿಯ ಖಾಸಗಿ ಸಂಸ್ಥೆಯೊಂದರ ಒಡೆತನದಲ್ಲಿದೆ. ಅದು ತನ್ನ ಸಾವಿರಾರು ಪತ್ರಗಳನ್ನೂ ರಂಗವಿನ್ಯಾಸದ ಚಿತ್ರಗಳನ್ನೂ ಸಾರ್ವಜನಿಕವಾಗಿ ತೆರೆದಿಟ್ಟಿದೆ. ಇವೆಲ್ಲಕ್ಕೂ ಒಂದೇ ನಿಯಮ ಹೇರುವ ಅಧಿಕಾರ ತಮಗಿಲ್ಲ, ನಿಜ. ತಮ್ಮ ಅಧೀನದಲ್ಲಿರುವ ಗ್ರಂಥಾಲಯಗಳಿಗೆ ಮಾತ್ರ ಒಂದು ಸುತ್ತೋಲೆ ಹೊರಡಿಸುವ ಅಧಿಕಾರ ಖಂಡಿತ ಇದೆ. ಉಳಿದವರಿಗೆ ಅದು ಮಾದರಿಯಾದೀತು.

ತಡಮಾಡಬಾರದು ಎನ್ನುವುದಕ್ಕೂ ಕಾರಣವಿದೆ. ವಿವಾಲ್ಡಿಯ ಸಂಪುಟಗಳು ಬರುವ ಮುನ್ನ, 1904ರ ಜನವರಿಯಲ್ಲಿ, ಅದೇ ಟ್ಯೂರಿನ್ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಅಪಾರ ಹಸ್ತಪ್ರತಿಗಳು ಸುಟ್ಟುಹೋಗಿದ್ದವು. 2019ರ ನವೆಂಬರ್ 12ರ ರಾತ್ರಿ ವೆನಿಸ್‌ನಲ್ಲಿ ಸಮುದ್ರದ ನೀರು 187 ಸೆಂಟಿಮೀಟರಿಗೆ ಏರಿದಾಗ ಅಲ್ಲಿಯ ಸಂಗೀತ ಮಹಾವಿದ್ಯಾಲಯದ ಪತ್ರಾಗಾರದೊಳಕ್ಕೂ ನೀರು ನುಗ್ಗಿ ಕಾಗದಗಳು ತೊಯ್ದವು. ಬೆಂಕಿ ನೀರು ಎರಡೂ ಬಾರದಿದ್ದರೂ ಶಾಯಿ ತನ್ನಷ್ಟಕ್ಕೆ ಕಾಗದವನ್ನು ತಿನ್ನುತ್ತಲೇ ಇದೆ. ಒಳ್ಳೆಯ ಚಿತ್ರ ಹತ್ತು ಕಡೆ ಹರಡಿದ್ದರೆ ಮೂಲವನ್ನು ಮತ್ತೆ ಮತ್ತೆ ತೆರೆಯುವ ಪ್ರಮೇಯವೂ ಕಡಿಮೆಯಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವ ಸಂಗೀತದ ಹಸ್ತಪ್ರತಿಗಳಲ್ಲಿ ಈಗಾಗಲೇ ಚಿತ್ರೀಕರಿಸಿರುವುದನ್ನೆಲ್ಲ, ಮೊದಲ ರಟ್ಟಿನಿಂದ ಕೊನೆಯ ರಟ್ಟಿನವರೆಗೆ, ಪೂರ್ಣ ಸ್ಪಷ್ಟತೆಯಲ್ಲಿ, ಸ್ವರಗಳ ಮೇಲೆ ಮೊಹರಿಲ್ಲದೆ, ತೆರಿಗೆ ಸಂಖ್ಯೆ ಕೇಳದೆ ಇಳಿಸಿಕೊಳ್ಳಲು ಬಿಡಬೇಕು. ಸಂಸ್ಥೆಯ ಹೆಸರು ಬೇಕೆಂದರೆ ಪುಟದ ಹೊರಗಿನ ಅಂಚಿನಲ್ಲಿ, ಬಣ್ಣದ ಅಳತೆಪಟ್ಟಿಯ ಪಕ್ಕದಲ್ಲಿ ಹಾಕಲಿ. ನಾವು ಅದನ್ನು ಸಂತೋಷದಿಂದ ಕರಪತ್ರದಲ್ಲಿ ನಮೂದಿಸುತ್ತೇವೆ. ಇನ್ನೂ ಚಿತ್ರೀಕರಿಸದ ಹಸ್ತಪ್ರತಿಗೆ ಯಾರಾದರೂ ಖರ್ಚು ಕೊಟ್ಟು ಮಾಡಿಸಿಕೊಂಡರೆ, ಆ ಫೈಲು ಅವರೊಬ್ಬರ ಕಂಪ್ಯೂಟರಿನಲ್ಲಿ ಉಳಿಯದೆ ಎಲ್ಲರಿಗೂ ಸಿಗುವಂತಾಗಬೇಕು. ಆಗ ಒಬ್ಬರ ಹಣದಿಂದ ಮುಂದಿನವರ ದಾರಿ ಸುಗಮವಾಗುತ್ತದೆ. ಮೈಕ್ರೋಫಿಲ್ಮಿನಿಂದ ತೆಗೆದದ್ದಾದರೆ ಹಣ ಕಟ್ಟುವ ಮೊದಲೇ ಅದನ್ನು ತಿಳಿಸಬೇಕು. ಹೊರದೇಶದವರು ಸಾಮಾನ್ಯ ಬ್ಯಾಂಕ್ ಕಾರ್ಡಿನಲ್ಲಿ ಪಾವತಿಸಲು ಅವಕಾಶವಿರಬೇಕು, ರೆವಿನ್ಯೂ ಸ್ಟಾಂಪಿನ ಷರತ್ತನ್ನು ಅವರಿಗಾದರೂ ಸಡಿಲಿಸಬೇಕು. ಹವ್ಯಾಸಿ ತಂಡಗಳ, ಶಾಲೆಗಳ ಸಂಗೀತ ಕಾರ್ಯಕ್ರಮಗಳಲ್ಲಿ ಒಂದೆರಡು ಪುಟಗಳನ್ನು ತೋರಿಸುವುದನ್ನೂ ಅಚ್ಚುಹಾಕುವುದನ್ನೂ ಅಧ್ಯಯನದ ಬಳಕೆಯೆಂದೇ ಪರಿಗಣಿಸಿ ಲಿಖಿತವಾಗಿ ಸ್ಪಷ್ಟಪಡಿಸಬೇಕು. 2017ರಲ್ಲಿ ಓದುಕೋಣೆಯೊಳಗಿನವರಿಗೆ ಕೊಟ್ಟ ಹಕ್ಕನ್ನು ಹೊರಗಿನವರಿಗೂ ವಿಸ್ತರಿಸುವುದಕ್ಕಿಂತ ಹೆಚ್ಚಿನದೇನನ್ನೂ ನಾನು ಇದರಲ್ಲಿ ಕೇಳುತ್ತಿಲ್ಲ.

ಇವುಗಳಲ್ಲಿ ಮೊದಲನೆಯದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗದೆಂದು ತಿಳಿದಿದ್ದೇನೆ. ಹಾಗಲ್ಲವೆಂದಾದರೆ ಯಾವ ನಿಯಮ ಅಡ್ಡಬರುತ್ತದೆ ಎಂಬುದನ್ನು ತಿಳಿಸುವ ಕೃಪೆ ಮಾಡಬೇಕು; ಇಲ್ಲಿಯ ಸಂಗೀತ ಶಾಲೆಗಳೂ ತಂಡಗಳೂ ಸೇರಿ ಅದಕ್ಕೆ ತಕ್ಕಂತೆ ಮನವಿ ಸಲ್ಲಿಸಲು ಸಿದ್ಧವಿದ್ದೇವೆ. ಉತ್ತರ ಇಟಾಲಿಯನ್ನಿನಲ್ಲಿದ್ದರೆ ಸಾಕು, ಕನ್ನಡಕ್ಕೆ ತಂದು ಎಲ್ಲರಿಗೂ ತಿಳಿಸುವ ಹೊಣೆ ನನ್ನದು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಯೋಲಾ ವಾದಕ